ಮುಚ್ಚಳ

ಅರಸೀಕೆರೆಯಲ್ಲಿ ಮೇ ತಿಂಗಳ ಬಿಸಿಲು.
ಹಗಲಿಡೀ ಹಳಿಯ ಮೇಲೆ ನನ್ನದು ಒಂದೇ ಕೆಲಸ:
ಸಡಿಲವಾದದ್ದನ್ನು ಬಿಗಿ ಮಾಡುವುದು.
ಸಂಜೆ ಕ್ವಾರ್ಟರ್ಸಿಗೆ ಬಂದು, ಕೈಯ ಗ್ರೀಸು ತಿಕ್ಕಿ ತೊಳೆದು,
ಮೆಟ್ಟಿಲ ಮೇಲೆ ಕೂತು ಮಗಳಿಗೆ ಕಲಿಸುತ್ತೇನೆ
ಬಿಗಿಯಾದದ್ದನ್ನು ಸಡಿಲಿಸುವುದು.

ಸ್ಟೀಲಿನ ಡಬ್ಬಿ. ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು.
ಮುಚ್ಚಳಕ್ಕೆ ಅದೇನು ಹಟವೋ,
ನಾನು ತೆಗೆದರೂ ಟಪ್ಪೆಂದು ಬೈದೇ ಬಿಡುತ್ತದೆ.
"ಹೊಟ್ಟೆಗೆ ಆನಿಸ್ಕೋ. ಹೆಬ್ಬೆಟ್ಟು ಇಲ್ಲಿ. ಈಗ ಎತ್ತು."
ನಾಲ್ಕು ವರ್ಷದ ಬೆರಳು, ತೊಂಡೆಕಾಯಿಯಷ್ಟೂ ಇಲ್ಲ,
ತುದಿ ಬೆಳ್ಳಗಾಗುವವರೆಗೆ ಒತ್ತುತ್ತದೆ.
ಒಳಗೇನಿದೆಯೆಂದು ನಾನು ಹೇಳುವುದಿಲ್ಲ.
ಒಂದು ದಿನ ಹುರಿಗಡಲೆ, ಒಂದು ದಿನ ಬೆಲ್ಲದಚ್ಚಿನ ಚೂರು,
ಒಂದು ದಿನ ಏನೂ ಇರಲಿಲ್ಲ, ಮರೆತಿದ್ದೆ.
ಅವತ್ತೇ ಅವಳು ಮೊದಲ ಸಲ ತೆಗೆದಳು.
ಖಾಲಿ ಡಬ್ಬಿಯ ತಳದಲ್ಲಿ
ತನ್ನದೇ ಸೊಟ್ಟ ಮುಖ ಕಂಡು ನಕ್ಕಳು.

ಅವಳಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುವವನು.
ಅವನ ಪಾಲಿಗೆ ಬಂದದ್ದು ಹಾಜರಿ.
ಮನೆಯಲ್ಲಿ ಅವಳು ಚೂಟಿ. ಶಾಲೆಯ ಪುಸ್ತಕದಲ್ಲಿ
ಹೊನ್ನಶ್ರೀ ಕೆ. ಆರ್. — ನನ್ನಜ್ಜಿ ಹೊನ್ನಮ್ಮನ ಹೆಸರಿಗೆ ಹೊಸ ಬಾಲ.
"ಆ ಹುಡುಗಿ ಯಾರು?" ಅಂತ ಎರಡು ದಿನ ಕೇಳಿದಳು.
ಅದಕ್ಕೇ ಪಾತ್ರೆಗಳನ್ನು ಗೋಡೆಗೆ ಸಾಲಾಗಿ ಕೂರಿಸಿ,
ನಡುವೆ ಅವಳನ್ನೂ ಕೂರಿಸಿ,
ಕನ್ನಡಕ ಮೂಗಿನ ತುದಿಗಿಳಿಸಿ ಕೂಗುತ್ತಾನೆ:
"ಚೊಂಬು?"
"ಬಂದಿದೀನಿ ಮಿಸ್."
"ಲಟ್ಟಣಿಗೆ?"
"ಬಂದಿದೀನಿ ಮಿಸ್."
"ಒರಳುಕಲ್ಲು?"
"ಬಂದಿಲ್ಲ ಮಿಸ್, ಬಾಣಾವರದಲ್ಲಿ ಅಜ್ಜಿ ಮನೇಲೈತೆ."
"ಹೊನ್ನಶ್ರೀ?"
ಸುಮ್ಮನಿರುತ್ತಾಳೆ. ಆಮೇಲೆ ಮೆಲ್ಲಗೆ,
"ಅವಳೂ ಬಂದವ್ಳೆ, ಮಿಸ್."

ಬಚ್ಚಲ ಚಿಲಕ ಹಾಕಿ ತೆಗೆಯುವುದು,
ಒಂದಕ್ಕೆ ಬಂದರೆ ಬೆರಳೆತ್ತುವುದು,
ಎಡಗಾಲಿನ ಶೂ ಎಡಗಾಲಿಗೇ ಹಾಕುವುದು
(ಇದು ಇನ್ನೂ ಬಂದಿಲ್ಲ).

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು,
"ನೀನು ಕರ್ಕೊಂಡ್ ಬರಕ್ಕೆ ಬತ್ತೀಯಾ?"
"ಬೆಳಿಗ್ಗೆ ಶಿವಮೊಗ್ಗದ ಗಾಡಿ ಹೋಗುತ್ತಲ್ಲ,
ಅದು ಸಂಜೆ ವಾಪಸ್ ಬರಲ್ವಾ? ಹಂಗೆ.
ನಾನಿಲ್ಲದಿದ್ರೆ ಅಪ್ಪ."
"ಲೇಟಾದ್ರೆ?"
ರೈಲ್ವೆ ಅನ್ನ ತಿನ್ನುವವಳು ನಾನು,
ಆ ಪ್ರಶ್ನೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.
"ಲೇಟಾದ್ರೂ ಬರುತ್ತೆ. ಮೈಕಲ್ಲಿ ಹೇಳ್ತಾರಲ್ಲ."
ತುಸು ಹೊತ್ತು ಬಿಟ್ಟು, ಕತ್ತಲಿಂದ,
"ನಮ್ ಸ್ಕೂಲಲ್ಲಿ ಮೈಕೈತಾ?"

ಜೂನ್ ಬಂತು. ಮೊದಲ ದಿನ ನನಗೆ ರಜೆ ಸಿಗಲಿಲ್ಲ.
ಅವಳು ಗೇಟು ದಾಟುವ ಹೊತ್ತಿಗೆ ನಾನು
ಊರಾಚೆ ಸ್ಲೀಪರಿನ ಮೇಲೆ ಬಗ್ಗಿ ಬೋಲ್ಟು ತಿರುಗಿಸುತ್ತಿದ್ದೆ.
ಅತ್ತಳೋ ಇಲ್ಲವೋ. ಪಾನಾ ಎರಡು ಸಲ ಜಾರಿತು.

ಸಂಜೆ ತಿಳಿಯಿತು: ಹಾಜರಿ ಕೂಗಲೇ ಇಲ್ಲವಂತೆ,
ಎದೆಗೆ ಚೀಟಿ ಚುಚ್ಚಿದ್ದರಂತೆ.
ಬಚ್ಚಲಿಗೆ ಚಿಲಕವೇ ಇಲ್ಲ, ಆಯಮ್ಮ ನಿಂತಿರುತ್ತಾಳಂತೆ.
ಒಂದು ತಿಂಗಳ ತಾಲೀಮು, ಅರ್ಧಕ್ಕರ್ಧ ಯಾರೂ ಕೇಳಲಿಲ್ಲ.
ಬ್ಯಾಗಿನಿಂದ ಡಬ್ಬಿ ತೆಗೆದರೆ ಕೈಗೆ ಭಾರ,
ಚಿತ್ರಾನ್ನ ಕಟ್ಟಿದಷ್ಟೂ ಹಾಗೇ ಇದೆ.

"ಯಾಕೆ ತಿನ್ಲಿಲ್ಲ? ಮುಚ್ಚಳ ಬರಲಿಲ್ವಾ?"

"ಟೈಮೇ ಸಿಗ್ಲಿಲ್ಲ," ಅಂದಳು, ದೊಡ್ಡವರ ಹಾಗೆ ಸೊಂಟಕ್ಕೆ ಕೈ ಇಟ್ಟು.
ರುಮಾನಾಳ ಡಬ್ಬಿ ತೆಗೆದದ್ದು ಇವಳು.
ತಿಪ್ಪೇಶನದು, ಅವನ ತಂಗಿಯದು.
ಆಮೇಲೆ ಬೆಳಗಿಂದ ಅಳುತ್ತಿದ್ದ ಒಬ್ಬ ಹುಡುಗ,
ಹೆಸರು ಗೊತ್ತಿಲ್ಲ, ಚೀಟಿ ಕಿತ್ತು ಬಾಯಿಗೆ ಹಾಕಿಕೊಂಡಿದ್ದ,
ಅವನಿಗೆ ತೆಗೆದುಕೊಟ್ಟಿಲ್ಲ, ಹೇಳಿಕೊಟ್ಟಳಂತೆ:
"ಹೊಟ್ಟೆಗೆ ಆನಿಸ್ಕೋ ಅಂದೆ. ಬಂತು."

ಮೆಟ್ಟಿಲ ಮೇಲೆ ಕೂತೆವು ಇಬ್ಬರೂ.
ತಣ್ಣಗಿನ ಚಿತ್ರಾನ್ನವೇ ಆಗಲಿ ಅಂತ ನಾನು ಡಬ್ಬಿಗೆ ಕೈ ಹಾಕಿದರೆ
ಗ್ರೀಸು ತೊಳೆದಿರಲಿಲ್ಲ, ಬೆರಳು ಜಾರುತ್ತಿತ್ತು.
ನೋಡಿದಳು, ನೋಡಿದಳು,
"ತಾ ಇಲ್ಲಿ" ಅಂದಳು.