ಚೀಟಿ ಸಂಖ್ಯೆ ೫೧೦೫೧೧

ಸುಂಟಿಕೊಪ್ಪದ ತೂಕದ ಕಟ್ಟೆ, ಜನವರಿ, ರಾತ್ರಿ ಹತ್ತೂವರೆ.
ಕೊನೆಯ ಲಾರಿ ಮಾದಾಪುರದ ತಿರುವಿನಲ್ಲಿ ಕೆಟ್ಟು ನಿಂತಿದೆಯಂತೆ.
ಅದು ಬರುವವರೆಗೆ ಬೀಗ ಹಾಕುವ ಹಾಗಿಲ್ಲ.
ಹಳೆಯ ಯಂತ್ರಕ್ಕೆ ಮಾತ್ರ ಅವಸರ,
ಮುಂದಿನ ಚೀಟಿಯ ಸಂಖ್ಯೆಯನ್ನು ಆಗಲೇ ಅಚ್ಚುಹಾಕಿ
ನಾಲಿಗೆ ಚಾಚಿ ಕೂತಿದೆ:
ಐದು ಲಕ್ಷದ ಹತ್ತು ಸಾವಿರದ ಐನೂರ ಹನ್ನೊಂದು.

ತೂಕವಿಲ್ಲದ ಬರೀ ಸಂಖ್ಯೆಯನ್ನು ಏನು ಮಾಡುವುದು?
ಹರಿದು ತಿರುಗಿಸಿ, ಅದರ ಬೆನ್ನ ಮೇಲೇ ಭಾಗಿಸಿದೆ.

ಎರಡಕ್ಕೆ ಹೋಗದು, ಕೊನೆಯಲ್ಲಿ ಒಂದು ಕೂತಿದೆ.
ಅಂಕಿಗಳನ್ನು ಕೂಡಿದರೆ ಹದಿಮೂರು, ಮೂರಕ್ಕೂ ಇಲ್ಲ.
ಐದನ್ನು ಕೇಳಲೇ ಬೇಡಿ.
ಏಳು, ಹನ್ನೊಂದು, ಹದಿಮೂರಕ್ಕೆ
ದೇಚಕ್ಕ ಟೀಚರ್ ಕಲಿಸಿದ ಉಪಾಯವೊಂದಿದೆ:
ಮೂರನ್ನೂ ಗುಣಿಸಿದರೆ ಸಾವಿರದ ಒಂದು, ಗುಟ್ಟೆಲ್ಲ ಅಲ್ಲೇ.
ಸಂಖ್ಯೆಯನ್ನು ನಡುವಿಗೆ ಮುರಿ, ಕೊಬ್ಬರಿ ಮಿಠಾಯಿಯ ಹಾಗೆ.
ಐನೂರ ಹತ್ತು ಒಂದು ಕೈಗೆ,
ಐನೂರ ಹನ್ನೊಂದು ಇನ್ನೊಂದಕ್ಕೆ.
ಕಳೆ.
ಒಂದು.
ಮೂರು ಬಾಗಿಲೂ ಒಟ್ಟಿಗೇ ಮುಚ್ಚಿದವು.

ಹದಿನೇಳಕ್ಕೆ ಉದ್ದಕ್ಕೂ ಭಾಗಿಸಿದೆ. ಮತ್ತೂ ಒಂದು.
ಪ್ರತಿ ಸಲವೂ ಅದೇ ಒಂದು,
ಚೀಲ ಕೊಡವಿದ ಮೇಲೂ
ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಾಫಿ ಕಾಳು.

ಆಗ ಹಿಂದಿನ ಚೀಟಿಯ ನಕಲು ತೆಗೆದು ನೋಡಿದೆ.
ಐನೂರ ಹತ್ತು, ಪಕ್ಕದಲ್ಲಿ ಮತ್ತೆ ಐನೂರ ಹತ್ತು.
ಸಂಜೆ ಬಂದ ಏಳು ಪಾಲುದಾರರ ತೋಟದ ಮಾಲು,
ತೂಕ ನೋಡಲು ಏಳೂ ಜನ ಬಗ್ಗಿದ್ದರು.
ಸಂಖ್ಯೆಯೂ ಅಂಥದ್ದೇ:
ಎರಡು ಮೂರು ಐದು ಏಳು ಹನ್ನೊಂದು ಹದಿಮೂರು ಹದಿನೇಳು
ಸೇರಿ ಹೆಣೆದದ್ದು, ಯಾರು ಕೈಚಾಚಿದರೂ
ಚಿಲ್ಲರೆ ಉಳಿಸದೆ ಪಾಲು ಕೊಡುವಂಥದ್ದು.
ಇದೋ, ಅದರ ಪಕ್ಕದ ಮನೆ.
ಒಂದೇ ಹೆಜ್ಜೆ ಆಚೆಗೆ, ಆ ಏಳರಲ್ಲಿ
ಯಾರಿಗೂ ಸೇರದ್ದು.

'ಅವಿಭಾಜ್ಯ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.
ನನಗೂ ನಲವತ್ಮೂರು,
ಯಾರ ಲೆಕ್ಕಕ್ಕೂ ಹೋಗದೆ ಉಳಿದವಳು.
ಸ್ವಲ್ಪ ಗರ್ವವೇ ಬಂತೆನ್ನಿ.

ಹನ್ನೆರಡಕ್ಕೆ ಲಾರಿ ಬಂತು.
ಕ್ಲೀನರ್ ಅಶ್ಕರ್ ಮೊಣಕೈವರೆಗೆ ಗ್ರೀಸು:
'ಉಳಿದದ್ದು ಜೀಪಿಗೆ ಹಾಕಿ ಕಳಿಸಿದೆವು ಅಕ್ಕಾ,
ಇದರಲ್ಲಿ ಹತ್ತೊಂಬತ್ತೇ ಚೀಲ.'

ಹತ್ತೊಂಬತ್ತು.
ಅದನ್ನು ನಾನು ಕೇಳಿಯೇ ಇರಲಿಲ್ಲ.
ಲಾರಿ ಕಟ್ಟೆಯ ಮೇಲೆ ಅಲುಗಾಡಿ ನಿಲ್ಲುವಷ್ಟರಲ್ಲಿ
ಅಂಗೈ ಮೇಲೆ ಭಾಗಿಸಿ ಮುಗಿಯಿತು:
ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು.
ಉಳಿಕೆ, ಸೊನ್ನೆ.

(ಅದೂ ಮರುದಿನ ಊಟದ ಹೊತ್ತಿಗೆ ಒಡೆಯಿತು,
ತೊಂಬತ್ತೇಳು, ಇನ್ನೂರ ಎಪ್ಪತ್ತೇಳು.
ಅವೆರಡು ಮುಂದೆ ಒಡೆಯುವುದಿಲ್ಲ, ಈ ಸಲ ಪೂರ್ತಿ ನೋಡಿದ್ದೇನೆ.)

ಆ ಪದ ಬರೆಯುವ ಮೊದಲು
ಏಳುನೂರ ಒಂಬತ್ತರವರೆಗೆ
ನೂರಿಪ್ಪತ್ತೇಳು ಬಾಗಿಲು ತಟ್ಟಬೇಕಿತ್ತು.
ಏಳು ತಟ್ಟಿ ಕೈ ಒರೆಸಿಕೊಂಡಿದ್ದೆ.
ಎಂಟನೆಯದಕ್ಕೆ ಚಿಲಕವೇ ಹಾಕಿರಲಿಲ್ಲ.

ಚೀಟಿಯನ್ನು ಮತ್ತೆ ಯಂತ್ರದ ಬಾಯಿಗಿಟ್ಟೆ, ತೂಕ ಅಚ್ಚಾಯಿತು.
ಬೆನ್ನಿನ ಪದ ಹೊಡೆದುಹಾಕಲು ಪೆನ್ನು ಹುಡುಕುತ್ತಿದ್ದೆ,
ಅಷ್ಟರಲ್ಲಿ ಅಶ್ಕರ್ ಅದನ್ನು ನಾಲ್ಕಾಗಿ ಮಡಚಿ
ಟೋಪಿಯೊಳಗಿಟ್ಟುಕೊಂಡು
ಕುಶಾಲನಗರದ ಕಡೆ ಹೋಗಿಬಿಟ್ಟ.