ಅರ್ಧ ಗಂಟೆ ಹಿಂದೆ

ಕಾನಿವಾ ದಾಟಿ ಪಡುವಣಕ್ಕೆ ಕಾಲು ಗಂಟೆ ಓಡಿಸಿದರೆ
ಒಂದು ಫಲಕ. ವಿಕ್ಟೋರಿಯಾ ಅಲ್ಲಿಗೆ ಮುಗಿಯಿತು.
ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಂಡರೆ
ದಕ್ಷಿಣ ಆಸ್ಟ್ರೇಲಿಯಾ ಶುರು.

ರಸ್ತೆ ಅದೇ, ಡಾಂಬರು ಅದೇ.
ತಂತಿಯ ಮೇಲೆ ಕೂತ ಗುಲಾಬಿ ಎದೆಯ ಗಿಳಿಗೂ
ತನ್ನ ಯಾವ ಕಾಲು ಯಾವ ರಾಜ್ಯದಲ್ಲಿದೆ ಗೊತ್ತಿಲ್ಲ.
ಆದರೆ ಆ ಕಡೆ ಬಿತ್ತಬಹುದಾದ ಬೀಜವನ್ನು
ಈ ಕಡೆ ಬಿತ್ತಿದರೆ ಅಪರಾಧ.
ಎಂದೆಂದಿಗೂ ಅಲ್ಲ, ಸದ್ಯಕ್ಕೆ.
ಈ ಸದ್ಯಕ್ಕೆ ಎಂಬುದಕ್ಕೆ ಈಗ ಹನ್ನೊಂದು ವರ್ಷ,
ನನ್ನ ಮಗಳ ವಾರಿಗೆ.
ಅವಳು ಸೈಕಲ್ ಹೊಡೆಯುತ್ತಾಳೆ,
ಅದಕ್ಕಿನ್ನೂ ಅಂಬೆಗಾಲು.

ನಾನು ಕೌನ್ಸಿಲ್ಲಿನ ಸ್ಪ್ರೇ ಲಾರಿಯವನು.
ಬೇಸಾಯ ನನ್ನದಲ್ಲ, ವಿಜ್ಞಾನವಂತೂ ಅಲ್ಲವೇ ಅಲ್ಲ.
ರಸ್ತೆಯ ಅಂಚಿಗೆ ಔಷಧಿ ಹೊಡೆಯುವುದು,
ಹದಿನೈದು ದಿನ ಬಿಟ್ಟು ಬಂದು ಸತ್ತದ್ದನ್ನು ನೋಡುವುದು.
ಸತ್ತಿರುತ್ತದೆ.
ರೈ ಹುಲ್ಲು, ಕಾಡು ಮೂಲಂಗಿ, ಹೆಸರು ಗೊತ್ತಿಲ್ಲದ ಮುಳ್ಳು,
ಎಲ್ಲ ಒಣಗಿ ಚಹದ ಚರಟದ ಬಣ್ಣ.

ಈ ಆಗಸ್ಟಿನಲ್ಲಿ ಒಂದು ಗಿಡ ಸಾಯಲಿಲ್ಲ.

ಫಲಕದಿಂದ ಈಚೆಗೆ ನಲವತ್ತು ಹೆಜ್ಜೆ,
ಯಾರೋ ಎಸೆದ ಪೈ ಪೊಟ್ಟಣದ ಪಕ್ಕ,
ಮೊಣಕಾಲೆತ್ತರ, ತಲೆತುಂಬ ಹಳದಿ.
ಕನೋಲಾ. ನಮ್ಮ ಒಗ್ಗರಣೆ ಸಾಸಿವೆಯ ದಾಯಾದಿ.
ಆ ಕಡೆಯ ಲಾರಿ ಗುಂಡಿಗೆ ಕುಲುಕಿದಾಗ
ತಾಡಪಾಲಿನ ತೂತಿನಿಂದ ಜಾರಿದ ಒಂದೇ ಕಾಳು
ಕಾಗದಪತ್ರವಿಲ್ಲದೆ ಗಡಿ ದಾಟಿ
ಜಲ್ಲಿಯಲ್ಲಿ ಬೇರೂರಿದೆ.
ಮತ್ತೊಮ್ಮೆ ಹೊಡೆದೆ.
ಮೈ ತೊಳೆದುಕೊಂಡಂತೆ ಹೊಳೆಯಿತು.

ಆಫೀಸಿಗೆ ಹೋಗಿ ಹೇಳಿದೆ. ಗ್ಲೆನಿಸ್ ಟ್ರೆಲೋರ್
ಕನ್ನಡಕ ಹಣೆಗೇರಿಸಿ ಅಡಿಲೇಡಿಗೆ ಬರೆದಳು.
ಅಡಿಲೇಡಿನವರು ಕ್ಯಾನ್‌ಬೆರಾದತ್ತ ಬೆರಳು ತೋರಿದರು:
ತಿನ್ನಬಹುದೇ, ಅದನ್ನು ಅವರು ನೋಡುತ್ತಾರೆ.
ಕ್ಯಾನ್‌ಬೆರಾದವರು ನೋಡಿ ಆಗಿತ್ತು:
ಮಾರಬಹುದೇ, ಅದನ್ನು ನೀವು ನೋಡಿ.
ಗಿಡ ನೋಡಲು ಯಾರೂ ಬರಲಿಲ್ಲ.

ಕೊನೆಗೊಂದು ಉತ್ತರ ಬಂತು, ಎರಡು ಪುಟ, ದಪ್ಪ ಕಾಗದ.
ಸಮಿತಿಯ ವರದಿಯನ್ನು ಪರಿಶೀಲಿಸುವ ಸಮಿತಿಗೆ
ಇನ್ನೂ ಅಧ್ಯಕ್ಷರಿಲ್ಲವಂತೆ.
ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ
ಒಂದು ಗೋಡೆ ಬೇಕಲ್ಲ,
ಇಲ್ಲಿರುವುದು ಐದು ತಂತಿಯ ಬೇಲಿ.
ಮೀನ ಮೇಷ ಎಣಿಸುತ್ತಿದ್ದಾರೆ ಅನ್ನೋಣವೆಂದರೆ
ಮೇಷ ಬೇಕಾದಷ್ಟಿವೆ, ಉಣ್ಣೆ ಹೊತ್ತು ಮೇಯುತ್ತಿವೆ;
ಮೀನಕ್ಕೆ ಮಾತ್ರ ಕಡಲತನಕ ಹೋಗಬೇಕು,
ನೂರ ಮೂವತ್ತು ಕಿಲೋಮೀಟರು.

ವರ್ನರ್ ಕ್ಲಿಚರ್‌ಗೆ ಆ ಬೀಜ ಬೇಕು.
ಬೇಲಿಯಾಚೆ ಅವನ ತಮ್ಮ ಅದನ್ನೇ ಬಿತ್ತಿ
ಹೊಸ ಟ್ರ್ಯಾಕ್ಟರು ಕೊಂಡಿದ್ದಾನೆ.
ಜಪಾನಿಗೆ ಎಣ್ಣೆ ಕಳಿಸುವ ಥೆಲ್ಮಾ ಓಬ್ಸ್ಟ್‌ಗೆ ಬೇಡ.
ಒಂದು ಕಾಳು ಬೆರೆತರೂ ಹಡಗು ವಾಪಸ್ಸು.
ಪಬ್ಬಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುವುದಿಲ್ಲ.
ಆದರೂ ಶುಕ್ರವಾರ ಆ ಮೇಜಿನಿಂದ ಈ ಮೇಜಿಗೆ ಒಂದು ಮಾತು ಬಂತು:
ಬೇಡ ಅಂದರೆ ನಾನು ಬೈಯಬಹುದು,
ಬೇಕು ಅಂದರೆ ನೀನು ಬೈಯಬಹುದು,
ನೋಡೋಣ ಅಂದವನನ್ನು
ಹೇಗೆ ಬೈಯುವುದು, ಥೆಲ್ಮಾ?
ಅವಳು ನಕ್ಕಳು. ಹಲವು ವರ್ಷದಲ್ಲಿ ಮೊದಲ ಸಲ.

ಕೀಳಲೇ, ಕೇಳಿದೆ.
ಕೀಳು ಅಂತ ಬರೆದಿಲ್ಲ, ಅಂದಳು ಗ್ಲೆನಿಸ್.
ಬಿಡಲೇ?
ಅದೂ ಬರೆದಿಲ್ಲ. ಗುರುತಿಗೊಂದು ಕೋನ್ ಇಡು.

ಇಟ್ಟೆ. ಕಿತ್ತಳೆ ಬಣ್ಣದ್ದು.
ಜೇನ್ನೊಣಗಳು ಅದನ್ನೂ ಒಮ್ಮೆ ಮೂಸಿ ನೋಡಿದವು.

ನವೆಂಬರಿನಲ್ಲಿ ಹೋದಾಗ ಹಳದಿ ಮುಗಿದಿತ್ತು,
ಗಿಡತುಂಬ ಒಣ ಕಾಯಿ.
ಒಂದನ್ನು ಮುಟ್ಟಿದೆ ಅಷ್ಟೇ, ಅಂಗೈಯಲ್ಲೇ ಸಿಡಿಯಿತು.
ಇಪ್ಪತ್ತಮೂರು ಕಾಳು, ಕಪ್ಪು, ದುಂಡಗೆ.
ಕೆಳಗೆ ಬಿಟ್ಟರೆ ಬಿತ್ತಿದ ಹಾಗೆ,
ಜೇಬಿಗೆ ಹಾಕಿದರೆ ಕದ್ದ ಹಾಗೆ,
ಆ ಕಡೆಗೆ ಎಸೆದರೆ
ಏನೂ ಮಾಡದ ಹಾಗೆ.

ಗಾಳಿ ಎದ್ದಿತು. ಲಾರಿಯೊಂದು ಹಾರ್ನ್ ಹೊಡೆದು ದಾಟಿತು.
ಮುಷ್ಟಿ ಬಿಗಿಹಿಡಿದು ನಿಂತೆ.
ಆ ಕಡೆ ಎರಡೂವರೆ.
ಈ ಕಡೆ ಇನ್ನೂ ಎರಡು.