ಕಲ್ಲುಕಾಲಿನ ಕಣಜ

"ಮೂರೇ ಹೆಜ್ಜೆ" ಎಂದು ಬರೆದಿದ್ದೆ ಮೊದಲ ಪುಟದಲ್ಲಿ.
ಇಳಿಸಿಕೊಳ್ಳಿ, ಬಿಚ್ಚಿ, ಗುಂಡಿ ಒತ್ತಿ.
ಗಲೀಸಿಯಾದ ಈ ದಂಡೆಯಲ್ಲಿ
ಪೆರ್ಸೆಬೆ ಕೀಳುವ ಹೆಂಗಸರ ಸಂಘಗಳಿಗೆ
(ಬಂಡೆ ಕಚ್ಚಿಕೊಂಡ ಕಪ್ಪು ಬೆರಳಿನಂಥ ಚಿಪ್ಪುಜೀವ,
ಅಲೆ ಹಿಂದೆ ಸರಿದ ಮೂರು ಉಸಿರಲ್ಲಿ ಕೀಳಬೇಕು)
ಯಾರು ಎಷ್ಟು ಕಿಲೋ, ಯಾವ ಇಳಿತ, ಯಾವ ಬಂಡೆ
ಬರೆದಿಡಲೊಂದು ಪುಟ್ಟ ತಂತ್ರಾಂಶ.

ಮೂರನೇ ಹೆಜ್ಜೆಯಲ್ಲಿ ಅದು ಕೇಳುತ್ತದೆ:
ಡೇಟಾಬೇಸಿನ ಹೆಸರು? ಬಳಕೆದಾರರು? ಪಾಸ್‌ವರ್ಡ್?
ಹೇಳಿದ್ದನ್ನೆಲ್ಲ ಒಂದು ಕಡತದಲ್ಲಿ ಗೀಚಿಟ್ಟು
"ಮುಗಿಯಿತು" ಎನ್ನುತ್ತದೆ ಹಸಿರು ಅಕ್ಷರದಲ್ಲಿ.
ಎಲ್ಲಿ ಗೀಚಿಟ್ಟೆ ಎಂದು
ಎರಡು ವರ್ಷ ಯಾರೂ ಕೇಳಲಿಲ್ಲ.

ಕೇಳಿದವಳು ಎರುಂಡಿನಾ.
ಎಪ್ಪತ್ತೊಂದು ವರ್ಷ. ಕಿರುಬೆರಳೊಂದನ್ನು ಅಲೆಗೆ ಕೊಟ್ಟವಳು.
ಸಂಘದ ಕೋಣೆ, ಹೀಟರಿನ ಮೇಲೆ ಒಣಗುವ ಕಾಲುಚೀಲ.
ಗುಂಡಿಯ ಮೇಲೆ ಬೆರಳು ತಡೆದು:
"ನಾನು ಹೇಳಿದ್ದನ್ನು ಇದು ಎಲ್ಲಿಡುತ್ತದೆ, ಹುಡುಗಿ?"
"ಒಳಗೆ."
"ಒಳಗೆ ಅಂದರೆ? ನಡುಮನೆಯಲ್ಲೋ?"

ನಡುಮನೆಯಲ್ಲೇ.
ಹೋಗಿಬರುವವರು ನೋಡುವ ಪುಟಗಳ ಮಗ್ಗುಲಲ್ಲೇ,
ವಾರ್ಷಿಕ ಊಟದ ಫೋಟೋಗಳ ಪಕ್ಕದಲ್ಲಿ.
ಸರ್ವರ್ ನೆಟ್ಟಗಿರುವಷ್ಟು ದಿನ ಬಾಯಿ ಬಿಡದು.
ಒಂದು ರಾತ್ರಿ ಅದಕ್ಕೆ ಜ್ವರವೇರಿ ಬಡಬಡಿಸಿತೋ,
ಗುಟ್ಟೆಲ್ಲ ರಟ್ಟು, ಅಕ್ಷರ ಬಿಡದೆ.

ಅವಳು ಕಿಟಕಿಯಾಚೆ ಗದ್ದ ಎತ್ತಿ ತೋರಿಸಿದಳು:
ಆರು ಕಲ್ಲುಕಾಲಿನ ಮೇಲೆ ಜೋಳದ ಕಣಜ,
ಕಾಲುಕಾಲಿಗೂ ಚಪ್ಪಟೆ ಕಲ್ಲಿನ ಟೋಪಿ.
ಇಲಿ ಕಾಲು ಹತ್ತೀತು,
ಟೋಪಿಯಡಿ ತಲೆಕೆಳಗಾಗಿ ನಡೆಯಲಾರದೆ ಬಿದ್ದೀತು.
"ಅಡುಗೆಮನೆಗೆ ಊರೆಲ್ಲ ಬರುತ್ತದೆ," ಎಂದಳು.
"ಅದಕ್ಕೇ ಅಜ್ಜಿ ಜೋಳ ಅಲ್ಲಿಡಲಿಲ್ಲ."

ಆ ರಾತ್ರಿ ಕಡತವನ್ನು ಒಂದು ಮೆಟ್ಟಿಲು ಮೇಲಕ್ಕೆತ್ತಿದೆ,
ಹೊರಗಿನ ಯಾವ ವಿಳಾಸವೂ ಹತ್ತಲಾರದ ಅಟ್ಟಕ್ಕೆ.
ಓದುವ ಹಕ್ಕು ಒಬ್ಬರಿಗೆ ಮಾತ್ರ.
ನಿದ್ದೆ ಬಂತು.

ಬೆಳಗಾಗುವುದರೊಳಗೆ ಮೂರು ಸಂಘಗಳ ಫೋನು:
ಹೊಸದು ಏಳುತ್ತಲೇ ಇಲ್ಲ.
ಅಗ್ಗದ ಸರ್ವರಿನವರು ಬಾಡಿಗೆಗೆ ಕೊಡುವುದು ನಡುಮನೆ ಮಾತ್ರ,
ಅಟ್ಟವಿಲ್ಲ, ಹಿತ್ತಿಲಿಲ್ಲ.
ಮೂರು ಹೆಜ್ಜೆ ಹದಿನಾಲ್ಕಾಗಿತ್ತು.
"ಇದಕ್ಕಿಂತ ನನ್ನ ನೀಲಿ ನೋಟ್‌ಬುಕ್ಕೇ ವಾಸಿ,"
ಎಂದ ಖಜಾಂಚಿ ಲಿಸಾರ್ದೊ.

ಸರಿ, ಅಲ್ಲೇ ಇಟ್ಟು ಬೀಗ ಹಾಕೋಣ ಎಂದು
ಗೂಢಲಿಪಿಯಲ್ಲಿ ಬರೆದೆ.
ಬೀಗದ ಕೈ? ಪಕ್ಕದ ಕಡತದಲ್ಲಿ.
ಅದಕ್ಕೊಂದು ಬೀಗ.
ಬೀಗಕ್ಕೊಂದು ಕೈ, ಆ ಕೈಗೊಂದು ಬೀಗ,
ಬೇಲಿಗೆ ಬೇಲಿ ಕಾವಲು ಕೂತು
ನಾನು ಬೆಳಗಿನ ನಾಲ್ಕಕ್ಕೆ ಕಾಫಿ ಕಾಯಿಸುತ್ತಿದ್ದೆ.
ತೆರೆಯಬೇಕಾದವರಿಗೆ ತೆರೆಯಲೇಬೇಕಲ್ಲ,
ತೆರೆಯದ ಕಣಜದಲ್ಲಿ ಜೋಳ ಬೂಸಲು.

ಈಗ ಅದು ಮೊದಲು ಮನೆ ಸುತ್ತಿ ನೋಡುತ್ತದೆ.
ಅಟ್ಟವಿದ್ದರೆ ಸದ್ದಿಲ್ಲದೆ ಅಲ್ಲಿಡುತ್ತದೆ.
ಇಲ್ಲದಿದ್ದರೆ, ಹಸಿರಲ್ಲ, ಕೆಂಪಕ್ಷರದಲ್ಲಿ:
"ಇಲ್ಲಿ ಅಟ್ಟವಿಲ್ಲ. ನಿಮ್ಮ ಗುಟ್ಟು ನಡುಮನೆಯಲ್ಲಿದೆ.
ಬಾಗಿಲಿಗೆ ಅಗುಳಿ ಹಾಕಿದ್ದೇನೆ. ಅಷ್ಟೇ ನನ್ನ ಕೈಲಾದದ್ದು."
ಮೊದಲ ಪುಟದ "ಮೂರೇ" ಎಂಬಲ್ಲಿಂದ
'ಏ'ಕಾರ ತೆಗೆದೆ.

ಎರುಂಡಿನಾ ಕನ್ನಡಕ ಏರಿಸಿ ಪೂರಾ ಓದಿದಳು.
ಅವಳ ಲೆಕ್ಕದ ಪಟ್ಟಿಯಲ್ಲಿ 'ಯಾವ ಬಂಡೆ' ಎಂಬಲ್ಲಿ
ಎರಡು ವರ್ಷದಿಂದ ಒಂದೇ ಉತ್ತರ: "ಅಲ್ಲಿ ಆಚೆ."
ಪಾಸ್‌ವರ್ಡ್ ಬದಲಿಸುತ್ತೇನೆ, ಆ ಕಡೆ ತಿರುಗು, ಎಂದಳು.
ಕಣಜ ನೋಡುತ್ತ ನಿಂತೆ.
ಹದಿನೇಳು ಸಲ ಕೀಲಿ ಬಡಿದ ಸದ್ದು,
ಹನ್ನೊಂದನೆಯದರ ಹತ್ತಿರ ಸಣ್ಣ ನಗು.

ಆ ಬಂಡೆಯ ಹೆಸರೇ ಇರಬೇಕು.
ಕೇಳಲಿಲ್ಲ.